ಹೊಳೇಲಿ ಸಿಕ್ಕ ಹೆಣಕ್ಕೆ ಗಡಿಯಾರ ಕಟ್ಟಬೇಡಿ

ಪ್ರಶ್ನೆ: ಸರ್, ನಾನು ಸಾಗರದವನು, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಒಂದು ಥ್ರಿಲ್ಲರ್ ಕಾದಂಬರಿ ಬರೀತಿದ್ದೀನಿ, ಬರೆದಷ್ಟು ಅಧ್ಯಾಯ ಜೊತೆಗಿಟ್ಟಿದ್ದೀನಿ. ಆಷಾಢದ ಮಳೇಲಿ ತೀರ್ಥಹಳ್ಳಿ ಹತ್ರ ತುಂಗಾ ಹೊಳೇಲಿ ಒಂದು ಹೆಣ ಸಿಗುತ್ತೆ, ಆ ಮನುಷ್ಯ ಕಾಣೆಯಾಗಿ ನಾಲ್ಕು ದಿನ ಆಗಿರುತ್ತೆ. ಹೀರೋ ಫೊರೆನ್ಸಿಕ್ ಎಕ್ಸ್‌ಪರ್ಟ್. ದಡದಲ್ಲೇ ಹೆಣ ನೋಡಿ "ರಾತ್ರಿ ಹತ್ತೂವರೆಗೆ ಕೊಲೆ ಆಗಿದೆ" ಅಂತಾನೆ, ಅಡಿಕೆ ತೋಟದ ಶೆಡ್ಡಲ್ಲಿ ಲುಮಿನಾಲ್ ಸ್ಪ್ರೇ ಮಾಡಿ ರಕ್ತ ಹಿಡೀತಾನೆ, ಮಾರನೇ ದಿನ ಡಿಎನ್‌ಎ ಮ್ಯಾಚ್ ಆಗುತ್ತೆ. ನೀವು ಲ್ಯಾಬಲ್ಲಿದ್ದು ಆಮೇಲೆ ಕಾದಂಬರಿ ಬರೆದವರು ಅಂತ ಕೇಳ್ತಿದ್ದೀನಿ, ಇದೆಲ್ಲ ಸರಿ ಇದೆಯಾ? ನಿಮ್ಮಂಥ ಹಿನ್ನೆಲೆ ಇಲ್ಲದೆ ಇಂಥ ಕಾದಂಬರಿ ಬರೀಬಹುದಾ?

ಉತ್ತರ:

ಬರೀಬಹುದು ಮಾರಾಯ್ರೆ, ಧಾರಾಳ ಬರೀಬಹುದು. ಆದ್ರೆ ಆ ಹತ್ತೂವರೆ ಇದೆಯಲ್ಲ, ಅದನ್ನ ಇವತ್ತೇ ಹೊಡೆದು ಹಾಕಿ. ನಾಲ್ಕು ದಿನ ಹೊಳೇಲಿದ್ದ ಹೆಣ ನೋಡಿ ಗಂಟೆ ನಿಮಿಷ ಹೇಳೋ ಮನುಷ್ಯ ನಂಗೆ ಸರ್ವಿಸ್ಸಲ್ಲಿ ಒಬ್ಬನೂ ಸಿಗ್ಲಿಲ್ಲ, ಸಿಕ್ಕಿದ್ರೆ ನಾನು ಮೊದ್ಲು ಅವನ ಮೇಲೇ ಅನುಮಾನ ಪಡ್ತಿದ್ದೆ, ಇವನಿಗೆ ಹೆಂಗೆ ಗೊತ್ತಾಯ್ತು ಅಂತ.

ಲೆಕ್ಕ ಹಿಂಗೆ ನೋಡಿ. ಸತ್ತ ಎರಡು ಮೂರು ಗಂಟೆಗೆ ರೆಪ್ಪೆ, ದವಡೆ ಕಡೆಯಿಂದ ಮೈ ಸೆಟೆಯಕ್ಕೆ ಶುರುವಾಗ್ತದೆ, ಸುಮಾರು 12 ಗಂಟೇಲಿ ಇಡೀ ಮೈ ಮರಗಟ್ತದೆ, ಇನ್ನೊಂದು 12 ಗಂಟೆ ಹಂಗೇ ಇರ್ತದೆ, ಮತ್ತೊಂದು 12 ಗಂಟೇಲಿ ಸಡಿಲ ಆಗ್ತದೆ. ಇದು ಪುಸ್ತಕದ ಲೆಕ್ಕ, ಸೆಕೆಗೆ ಬೇಗ ಚಳಿಗೆ ನಿಧಾನ. ನಾಲ್ಕನೇ ದಿನಕ್ಕೆ ಇದು ಯಾವುದೂ ಉಳಿದಿರಲ್ಲ, ಹೆಣ ಊದಿರ್ತದೆ, ಕೈಕಾಲಿನ ಚರ್ಮ ಗ್ಲೌಸ್ ಬಿಚ್ಚಿದಂಗೆ ಸುಲಿದು ಬರ್ತಿರ್ತದೆ. ಗಾಳಿಯಲ್ಲಿ ಒಂದು ವಾರಕ್ಕೆ ಕೊಳೆಯೋದು ನೀರಲ್ಲಿ ಎರಡು ವಾರಕ್ಕೆ, ಮಣ್ಣಲ್ಲಿ ಎಂಟು ವಾರಕ್ಕೆ ಅಂತ ಹಳೇ ಕಾಲದ ಒಂದು ಅಂದಾಜು ಇದೆ, ಅದೂ ಅಂದಾಜೇ, ನಮ್ಮ ಆಷಾಢದ ಹೊಳೆ ನೀರಿನ ತಣ್ಣಗೆ ಅದಕ್ಕೇನು ಗೊತ್ತು. ಡಾಕ್ಟ್ರು ಬರೆಯೋದು "ಮೂರರಿಂದ ಐದು ದಿನ ಇರಬಹುದು" ಅಂತ. ಅಷ್ಟೇ. ಆ ಎರಡು ದಿನದ ಸಂದು ಇದೆಯಲ್ಲ, ನಿಮ್ಮ ಆರೋಪಿ ಅದರೊಳಗೇ ಓಡಾಡ್ಬೇಕು, ಅದನ್ನ ನೀವೇ ಮುಚ್ಚಿಬಿಟ್ರೆ ಕಥೆ ಎಲ್ಲಿ ಹೋಗ್ಬೇಕು?

ಇನ್ನು ನಿಮ್ಮ ಹೀರೋ. ಇವ ಯಾವ ಥರದ ಎಕ್ಸ್‌ಪರ್ಟ್ ಅಂತ ನೀವು ಬರೆದಿಲ್ಲ. ಹೆಣ ಕುಯ್ಯೋದು ಫೊರೆನ್ಸಿಕ್ ಮೆಡಿಸಿನ್ ಡಾಕ್ಟ್ರು, ತೀರ್ಥಹಳ್ಳಿಯಲ್ಲಿ ಆಗ್ಬಹುದು, ಕಷ್ಟದ್ದಾದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತರ್ತಾರೆ. ವಿಸೆರಾ, ಅಂದ್ರೆ ಜಠರ ಲಿವರ್ ಥರದ ಒಳಗಿನ ಅಂಗ, ಹೋಗೋದು ಎಫ್‌ಎಸ್‌ಎಲ್ ಅನ್ನೋ ಸರ್ಕಾರಿ ಫೊರೆನ್ಸಿಕ್ ಲ್ಯಾಬಿನ ಟಾಕ್ಸಿಕಾಲಜಿಗೆ, ವಿಷ ನೋಡೋ ವಿಭಾಗಕ್ಕೆ, ಬಟ್ಟೆ ರಕ್ತ ಮೂಳೆ ಬರೋದು ಬಯಾಲಜಿಗೆ, ನಾನಿದ್ದದ್ದು ಅಲ್ಲಿ, 22 ವರ್ಷ. ಬೆರಳಚ್ಚಿನದು ಬೇರೆಯೇ ವಿಭಾಗ, ಪೊಲೀಸರದ್ದೇ ಬ್ಯೂರೋ. ಸ್ಪಾಟಿಗೆ ಬಂದು ಫೋಟೋ ತೆಗೆದು ಸ್ಯಾಂಪಲ್ ಎತ್ತೋಕೆ ಈಗ ಸೋಕೋ ಅಂತ ಬೇರೆ ಆಫೀಸರ್‌ಗಳೇ ಇದಾರೆ. ಇಷ್ಟೂ ಜನರನ್ನ ಓಡಾಡಿಸೋನು ಐಒ, ತನಿಖಾಧಿಕಾರಿ, ಅವನ ತಲೆ ಮೇಲೆ ಆ ವಾರ ಬಂದೋಬಸ್ತ್ ಡ್ಯೂಟಿ ಬೇರೆ ಇರ್ತದೆ. ನಿಮ್ಮ ಹೀರೋ ಒಬ್ಬನೇ ಈ ಐದಾರು ಜನರ ಕೆಲಸ ಮಾಡ್ತಿದ್ದಾನೆ. ಮಜಾ ಎಂತ ಅಂದ್ರೆ ನಿಜ ಜೀವನದಲ್ಲಿ ಈ ಐದಾರು ಜನ ಒಬ್ಬರನ್ನೊಬ್ಬರು ನೋಡೇ ಇರಲ್ಲ. ಡಾಕ್ಟ್ರ ಕೈಬರಹ ನಂಗೆ ಗೊತ್ತಿತ್ತು, ಮುಖ ಗೊತ್ತಿರ್ಲಿಲ್ಲ.

ನನ್ನ ಟೇಬಲ್ಲಿಗೆ ಬರ್ತಿದ್ದದ್ದು ಒಂದು ಬಟ್ಟೆ ಹೊಲಿದ ಪಾರ್ಸೆಲ್ಲು, ಅದರ ಮೇಲೆ ಅರಗಿನ ಸೀಲು, ಜೊತೆಗೊಂದು ಕವರಿಂಗ್ ಲೆಟರ್ರು, ಅದರಲ್ಲಿ ನಾಲ್ಕು ಸಾಲಿನ ಕಥೆ, ಕೆಳಗೆ ಮೂರು ಪ್ರಶ್ನೆ. ರಕ್ತ ಇದೆಯಾ, ಮನುಷ್ಯನದ್ದಾ, ಯಾರದ್ದು. ನಾನು ಉತ್ತರ ಬರೆದು ಸೀಲ್ ಹಾಕಿ ವಾಪಸ್ ಕಳಿಸ್ತಿದ್ದೆ. ಆಮೇಲೆ ಎಂತಾಯ್ತು ಅಂತ ನಂಗೆ ಯಾರೂ ಹೇಳ್ತಿರ್ಲಿಲ್ಲ. ಜನ ಅಂದ್ಕೋತಾರೆ ಲ್ಯಾಬಲ್ಲಿದ್ದೋನಿಗೆ ಕಥೆಗಳು ರಾಶಿ ಸಿಗ್ತವೆ ಅಂತ. ಇಲ್ಲ ಮಾರಾಯ್ರೆ, ನಂಗೆ ಸಿಗ್ತಿದ್ದದ್ದು ಬರೀ ನಡುವಿನ ಹಾಳೆ, ಮುಂದಿನ ಹಿಂದಿನ ಹಾಳೆ ಯಾರೋ ಹರ್ಕೊಂಡು ಹೋಗಿರ್ತಿದ್ರು. ರಿಟೈರಾದ್ಮೇಲೆ ಕಾದಂಬರಿಗೆ ಕೂತದ್ದು ಆ ಹಾಳೆಗಳ ಹಠಕ್ಕೆ.

ಈಗ ನಿಮ್ಮ ಹೆಣಕ್ಕೆ ಬರೋಣ, ಮುಳುಗಿ ಸತ್ತದ್ದಾ ಅಥವಾ ಸಾಯ್ಸಿ ಎಸೆದದ್ದಾ ಅನ್ನೋದೇ ನಿಮ್ಮ ಕಾದಂಬರಿಯ ಪ್ರಾಣ, ನೀವು ಅದನ್ನ ಒಂದು ಡೈಲಾಗಲ್ಲಿ ಮುಗಿಸಿದ್ದೀರಿ. ಇದಕ್ಕೆ ಡಯಾಟಮ್ ಟೆಸ್ಟ್ ಅಂತ ಒಂದಿದೆ. ಡಯಾಟಮ್ ಅಂದ್ರೆ ಹೊಳೆ ಕೆರೆ ನೀರಲ್ಲಿರೋ ಕಣ್ಣಿಗೆ ಕಾಣದ ಪಾಚಿ, ಅದರ ಚಿಪ್ಪು ಸಿಲಿಕಾದ್ದು, ಗಾಜಿನ ಜಾತಿ. ಜೀವ ಇದ್ದಾಗ ಮುಳುಗಿದ್ರೆ ಮನುಷ್ಯ ನೀರು ಎಳ್ಕೊಳ್ತಾನೆ, ನೀರಿನ ಜೊತೆ ಇದು ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ರಕ್ತಕ್ಕಿಳಿದು, ಹೃದಯ ಇನ್ನೂ ಬಡೀತಿರೋದ್ರಿಂದ ಮೂಳೆಯ ಮಜ್ಜೆವರೆಗೂ ಮುಟ್ತದೆ. ಸತ್ತ ಮೇಲೆ ಎಸೆದಿದ್ರೆ ಶ್ವಾಸಕೋಶಕ್ಕೆ ಒಂದಿಷ್ಟು ನುಗ್ಗಬಹುದು, ಆದ್ರೆ ಪಂಪು ನಿಂತಿದೆಯಲ್ಲ, ಮಜ್ಜೆವರೆಗೆ ಹೋಗಲ್ಲ. ನಮಗೆ ತೊಡೆ ಮೂಳೆನೋ ಎದೆ ಮೂಳೆನೋ ಬರ್ತದೆ, ಮಜ್ಜೆ ತೆಗೆದು ನೈಟ್ರಿಕ್ ಆಸಿಡ್ಡಲ್ಲಿ ಕಾಯಿಸ್ತೀವಿ, ಮಾಂಸ ಕೊಬ್ಬು ಎಲ್ಲ ಕರಗಿ ಹೋಗ್ತದೆ, ಆ ಗಾಜಿನ ಚಿಪ್ಪು ಮಾತ್ರ ಉಳೀತದೆ. ಮೈಕ್ರೋಸ್ಕೋಪಲ್ಲಿ ನೋಡ್ಬೇಕು ನೀವು ಅದನ್ನ, ದೋಣಿ ಆಕಾರದ್ದು, ಸೂಜಿ ಆಕಾರದ್ದು, ಮೈ ತುಂಬ ಬಾಚಣಿಗೆ ಎಳೆದಂಗೆ ಗೀರು, ಅಷ್ಟು ಚಂದ. ನೋಡ್ತಾ ನೋಡ್ತಾ ಇದು ಯಾರದ್ದೋ ಮೂಳೆ ಒಳಗಿಂದ ಬಂದದ್ದು ಅನ್ನೋದು ಮರೆತೇ ಹೋಗ್ತಿತ್ತು, ಆಮೇಲೆ ನೆನಪಾದಾಗ ಚಾ ಕುಡಿಯೋಕೆ ಎದ್ದು ಹೋಗ್ತಿದ್ದೆ.

ಆದ್ರೆ ಮಜ್ಜೇಲಿ ಸಿಕ್ಕಿದ್ರೆ ಮಾತ್ರ ಸಾಕಾಗಲ್ಲ, ಹೆಣ ಸಿಕ್ಕ ಜಾಗದ ನೀರಲ್ಲೂ ಅದೇ ಜಾತಿ ಇದೆಯಾ ಅಂತ ನೋಡ್ಬೇಕು, ಅದಕ್ಕೆ ಐಒ ಹೊಳೆ ನೀರು ಬಾಟಲಿಗೆ ತುಂಬಿಸಿ ಕಳಿಸ್ಬೇಕು. ಒಂದು ಸಲ ಜುಲೈ ತಿಂಗಳ ಕೇಸು. ಯಾವ ಊರು ಯಾವ ಠಾಣೆ ಅಂತ ಕೇಳ್ಬೇಡಿ. ಪಾರ್ಸೆಲ್ ಬಿಚ್ಚಿದೆ, ಮೂಳೆ ಜಾರ್ ಇದೆ, ಪಕ್ಕದಲ್ಲಿ ಒಂದು ಲೀಟರ್ ಮಿನರಲ್ ವಾಟರ್ ಬಾಟಲಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಅರಗು ಹಾಕಿದೆ, ಚೀಟಿ ಮೇಲೆ "ಸ್ಥಳದ ಹೊಳೆ ನೀರು" ಅಂತ ಚಂದ ಅಕ್ಷರ. ಜುಲೈಯಲ್ಲಿ ಮಲ್ನಾಡಿನ ಹೊಳೆ ನೀರು ಎಂಥ ಬಣ್ಣ ಅಂತ ಸಾಗರದೋರಿಗೆ ನಾನು ಹೇಳ್ಬೇಕಾ? ಚಾ ಬಣ್ಣ. ಈ ಬಾಟಲಿಯ ಹಿಂದೆ ಪೇಪರ್ ಹಿಡಿದ್ರೆ ಓದಬಹುದಿತ್ತು, ಅಷ್ಟು ತಿಳಿ. ಮಣ್ಣು ತಳಕ್ಕೆ ಕೂತಿರಬಹುದು ಅಂತ ಅಲ್ಲಾಡಿಸಿದೆ, ಒಂದು ಚೂರು ಕೆಸರು ಏಳ್ಲಿಲ್ಲ. ಟೆಸ್ಟ್ ಮಾಡಿದೆ. ಮೂಳೇಲಿ ಡಯಾಟಮ್ ಇದೆ, ನೀರಲ್ಲಿ ಇಲ್ಲ.

ಈಗ ಇದಕ್ಕೆ ಎಂತ ಅರ್ಥ ಹೇಳಿ. ಒಂದೋ ಆ ಮನುಷ್ಯ ಬೇರೆ ಎಲ್ಲೋ ಕೆರೇಲಿ ಮುಳುಗಿ ಸತ್ತು ಆಮೇಲೆ ಹೊಳೆಗೆ ಬಂದಿದಾನೆ, ಅಂದ್ರೆ ಯಾರೋ ತಂದು ಹಾಕಿದಾರೆ, ಕೊಲೆ. ಇಲ್ಲಾ ಆ ಮಳೇಲಿ ಕೆಸರು ದಡಕ್ಕೆ ಇಳಿಯೋಕೆ ಬೇಜಾರಾಗಿ ಯಾರೋ ಠಾಣೆ ನಲ್ಲೀಲಿ ಬಾಟಲಿ ತುಂಬಿಸಿದಾರೆ, ಅಂದ್ರೆ ಕಾಲು ಜಾರಿ ಬಿದ್ದ ಸಾದಾ ಸಾವು. ಕೊಲೆ ಮತ್ತೆ ಕಾಲು ಜಾರೋದರ ನಡುವೆ ಒಂದು ನಲ್ಲಿ ಇದೆ! ನನ್ನ ರಿಪೋರ್ಟಲ್ಲಿ ನಾನು ಕಂಡದ್ದು ಮಾತ್ರ ಬರೀಬೇಕು, ಬಾಟಲಿಯಲ್ಲಿದ್ದ ನೀರು ತಿಳಿಯಾಗಿತ್ತು ಅಂತ ಒಂದು ಸಾಲು ಸೇರಿಸಿದೆ, ಅಷ್ಟೇ ನನ್ನ ಕೈಲಾದದ್ದು. ಇವತ್ತಿಗೂ ಆ ಕೇಸು ಎಂತಾಯ್ತು ಅಂತ ನಂಗೆ ಗೊತ್ತಿಲ್ಲ. ಮತ್ತೆ ಈ ಟೆಸ್ಟನ್ನ ಪೂರ್ತಿ ನಂಬಬೇಕಾ ಬೇಡ್ವಾ ಅನ್ನೋದರ ಬಗ್ಗೆ ತಜ್ಞರಲ್ಲೇ ಜಗಳ ಇದೆ, ಮುಳುಗಿ ಸತ್ತೋರಲ್ಲೂ ಕೆಲವು ಸಲ ಸಿಗಲ್ಲ, ಅದೂ ನಿಮಗೆ ಒಳ್ಳೇದೇ, ಕೋರ್ಟ್ ಸೀನಿಗೆ ಬೇಕಾಗ್ತದೆ.

ಇನ್ನೊಂದು, ಹೆಣ ಸಿಕ್ಕ ಜಾಗವೇ ಬಿದ್ದ ಜಾಗ ಅಂತ ಯಾಕೆ ಅಂದ್ಕೊಂಡಿದ್ದೀರಿ? ತುಂಗೆ ಶೃಂಗೇರಿ ಕಡೆಯಿಂದ ಇಳಿದು ತೀರ್ಥಹಳ್ಳಿಗೆ ಬರೋದು, ಮುಂದೆ ಮಂಡಗದ್ದೆ, ಗಾಜನೂರು. ಶೃಂಗೇರಿಯಲ್ಲಿ ಬಿದ್ರೆ ಚಿಕ್ಕಮಗಳೂರು ಜಿಲ್ಲೆ, ತೀರ್ಥಹಳ್ಳಿಯಲ್ಲಿ ಸಿಕ್ರೆ ಶಿವಮೊಗ್ಗ ಜಿಲ್ಲೆ, ಮಿಸ್ಸಿಂಗ್ ಕಂಪ್ಲೇಂಟ್ ಒಂದು ಕಡೆ, ಯುಡಿಆರ್, ಅಂದ್ರೆ ಅಸಹಜ ಸಾವಿನ ದಾಖಲೆ, ಇನ್ನೊಂದು ಕಡೆ. ದಡದ ಮುಂಡುಗದ ಪೊದೆಗೆ ಸಿಕ್ಕಿಕೊಂಡು ಮುಖ ಮಾತ್ರ ನೀರಿನ ಮೇಲಿತ್ತು ಅಂತಿಟ್ಕೊಳ್ಳಿ, ಅಲ್ಲಿ ನೊಣ ಮೊಟ್ಟೆ ಇಟ್ಟಿದ್ರೆ ಹುಳುವಿನ ವಯಸ್ಸು ನೋಡಿ ಪೊದೆಗೆ ಸಿಕ್ಕಿಕೊಂಡು ಎಷ್ಟು ದಿನ ಆಯ್ತು ಅಂತ ಅಂದಾಜು ಮಾಡ್ಬಹುದು, ಸತ್ತು ಎಷ್ಟು ದಿನ ಅಂತಲ್ಲ, ಹೊಳೆ ಬಿಟ್ಟು ಎಷ್ಟು ದಿನ ಅಂತ. ಆದ್ರೆ ಧೋ ಅಂತ ಸುರಿಯೋ ಮಳೇಲಿ ನೊಣ ಹಾರಲ್ಲ, ರಾತ್ರಿನೂ ಸಾಧಾರಣ ಮೊಟ್ಟೆ ಇಡಲ್ಲ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ, ಅಲ್ಲಿ ನೊಣಕ್ಕೂ ರಜೆ. ಮಳೆ ಯಾವತ್ತು ಹೊಳವಾಯ್ತು ಅಂತ ಊರೋರನ್ನ ಕೇಳೋ ಒಬ್ಬ ಪೇದೆ ನಿಮ್ಮ ಕಥೇಲಿ ಇದ್ರೆ ನಿಮ್ಮ ಹೀರೋಗಿಂತ ಅವನೇ ಹುಷಾರಿ.

ಈಗ ಲುಮಿನಾಲ್. ಇದನ್ನ ಓದಿ ನಂಗೆ ನಗು ತಡೆಯೋಕಾಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ. ಲುಮಿನಾಲ್ ಹೊಳೆಯೋದು ರಕ್ತದಲ್ಲಿರೋ ಕಬ್ಬಿಣದ ಅಂಶಕ್ಕೆ, ಸರಿ. ಆದ್ರೆ ಅದು ತಾಮ್ರಕ್ಕೂ ಹೊಳೀತದೆ. ಅಡಿಕೆ ತೋಟದ ಶೆಡ್ಡಲ್ಲಿ ಎಂತ ಇರ್ತದೆ? ಮೈಲುತುತ್ತ. ಕೊಳೆ ರೋಗಕ್ಕೆ ಔಷಧಿ ಹೊಡೆಯೋದು ಅಂದ್ರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಮಳೆ ಹಿಡಿಯೋ ಮೊದ್ಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ನಮ್ಮನೆ ಶೆಡ್ಡಿನ ನೆಲ, ಡ್ರಮ್ಮು, ಪೈಪು, ಔಷಧಿ ಹೊಡೆಯೋನ ಅಂಗಿ, ಗೋಡೆಗೆ ಒರಗಿಸಿಟ್ಟ ಏಣಿ, ಎಲ್ಲದಕ್ಕೂ ಮೂವತ್ತು ವರ್ಷದ ತಾಮ್ರ ಹತ್ತಿದೆ. ಅಲ್ಲಿ ಲೈಟ್ ಆರಿಸಿ ಲುಮಿನಾಲ್ ಹೊಡೆದ್ರೆ ದೀಪಾವಳಿ. ನಿಮ್ಮ ಹೀರೋ ಪ್ರಕಾರ ಆ ಶೆಡ್ಡಲ್ಲಿ ಇಡೀ ಊರನ್ನೇ ಕೊಂದಿದಾರೆ ಅಂತಾಯ್ತು. ಬಾವಿಗೆ ಹಾಕೋ ಬ್ಲೀಚಿಂಗ್ ಪೌಡರ್ ಚೆಲ್ಲಿದ್ರೂ ಹೊಳೀತದೆ, ಅದು ಫಕ್ಕನೆ ಹೊಳೆದು ಫಕ್ಕನೆ ಆರ್ತದೆ, ಅನುಭವ ಇದ್ದೋರಿಗೆ ಸ್ವಲ್ಪ ವ್ಯತ್ಯಾಸ ಕಾಣ್ತದೆ.

ಕಣ್ಣಿಗೆ ಕಾಣೋ ಕಲೇನೂ ನಂಬೋ ಹಂಗಿಲ್ಲ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ಬಿದ್ದು ಒಣಗಿದ್ರೆ ಹಳೇ ರಕ್ತದ ಕಲೆ ಥರಾನೇ, ಎಲೆ ಅಡಿಕೆ ಉಗುಳು ಸೈತ ಹಂಗೇ. ಹಂಗಾಗಿ ಮೊದ್ಲು ಫಿನಾಲ್ಫ್ತಲೀನ್ ಟೆಸ್ಟ್, ಕಲೆ ಒರೆಸಿದ ಫಿಲ್ಟರ್ ಪೇಪರಿಗೆ ಒಂದು ಹನಿ ಅದು, ಸ್ವಲ್ಪ ಕಾಯ್ಬೇಕು, ಆಮೇಲೆ ಒಂದು ಹನಿ ಪೆರಾಕ್ಸೈಡ್. ಪೆರಾಕ್ಸೈಡ್ ಬಿದ್ದ ತಕ್ಷಣ ಗುಲಾಬಿ ಆದ್ರೆ ರಕ್ತ ಇರಬಹುದು. ಪೆರಾಕ್ಸೈಡ್ ಹಾಕೋ ಮೊದ್ಲೇ ಗುಲಾಬಿ ಆಯ್ತೋ, ಅದು ತಾಮ್ರದಂಥ ಬೇರೆ ಎಂತೋ. ಆ ಎರಡು ಹನಿ ನಡುವಿನ ಕೆಲವು ಸೆಕೆಂಡು ಕಾಯದೇ ಇರೋ ಹುಡುಗ ಆತುರಕ್ಕೆ ಎರಡೂ ಒಟ್ಟಿಗೆ ಹಾಕಿಬಿಟ್ರೆ ಮೈಲುತುತ್ತನೂ ರಕ್ತ ಆಗಿ ಕೂರ್ತದೆ. ಇದು ಥ್ರಿಲ್ಲರ್ ಅಲ್ವಾ ಹೇಳಿ. ಆಮೇಲೂ ಅದು ಮನುಷ್ಯನದ್ದಾ, ಕೋಳಿದಾ, ಹಂದಿದಾ ಅಂತ ಬೇರೆ ಟೆಸ್ಟು. ಆಮೇಲೆ ಡಿಎನ್‌ಎ. ಲುಮಿನಾಲ್ ಅನ್ನೋದು ಫೋಟೋ, ಸ್ವಾಬ್ ಎಲ್ಲ ಆದ ಮೇಲೆ ಕಡೇಲಿ ಹೊಡೆಯೋದು, ಹೊಡೆದ್ರೆ ಇರೋ ರಕ್ತನೂ ನೀರಾಗ್ತದಲ್ಲ. ಒಂದು ವಿಷಯದಲ್ಲಿ ಮಾತ್ರ ನೀವು ಸರಿ, ಅದಕ್ಕೆ ಕತ್ತಲೆ ಬೇಕು, ಆಷಾಢದಲ್ಲಿ ನಮ್ಮ ಕಡೆ ಕರೆಂಟಿನೋರು ಆ ಸಹಾಯ ಮಾಡೇ ಮಾಡ್ತಾರೆ.

ಡಿಎನ್‌ಎ ಮಾರನೇ ದಿನ? ಮಿಷಿನ್ನಿಗೆ ಒಂದೆರಡು ದಿನ ಸಾಕು, ಸರದಿಗೆ ಸಾಕಾಗಲ್ಲ. ಹೊಳೇಲಿ ಕೊಳೆತ ಹೆಣದ ಮಾಂಸದಲ್ಲಿ ಸಿಗೋದು ಕಷ್ಟ, ಹಲ್ಲು ಇಲ್ಲಾ ತೊಡೆ ಮೂಳೆ ಬೇಕು, ಹೋಲಿಸಕ್ಕೆ ಅಪ್ಪ ಅಮ್ಮನ ರಕ್ತ ಬೇಕು, ಆ ಅಮ್ಮನ ಕೈಯಿಂದ ರಕ್ತ ತೆಗೆಯೋ ಸೀನು ನೀವು ಬರೆದೇ ಇಲ್ಲ, ನಿಮ್ಮ ಅಧ್ಯಾಯದಲ್ಲಿ ನಂಗೆ ಕೊರತೆ ಅನ್ನಿಸಿದ್ದು ಅದು. ಇನ್ನು ಕಥೆ ಯಾವ ಇಸವಿದು ಅಂತನೂ ನೋಡ್ಕೊಳ್ಳಿ, ಇಂಗ್ಲೆಂಡಿನ ಲೆಸ್ಟರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಫಿಂಗರ್‌ಪ್ರಿಂಟ್ ಕಂಡದ್ದು 1984ರಲ್ಲಿ, 1975ರ ಕಥೆ ಬರೆಯೋದಾದ್ರೆ ಬರೀ ಎ, ಬಿ, ಓ ಗುಂಪಲ್ಲೇ ಸಂಸಾರ ಮಾಡ್ಬೇಕು. ನಾರ್ಕೋ ಟೆಸ್ಟ್, ಅದೇ ಮಂಪರು ಪರೀಕ್ಷೆ, ಹಾಕೋ ಆಸೆ ಇದ್ರೆ ಅದೂ ಜೋಕೆ, 2010ರಲ್ಲಿ ಸೆಲ್ವಿ ಕೇಸಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಇಲ್ಲದೆ ಮಾಡೋ ಹಂಗಿಲ್ಲ ಅಂದಾಗಿದೆ, ಅದು ನಮ್ಮ ಕರ್ನಾಟಕದ್ದೇ ಕೇಸು.

ಮಳೆ ವಿಷಯ ಇನ್ನೂ ಮುಗಿದಿಲ್ಲ. ಒದ್ದೆ ಬಟ್ಟೇನ ನೆರಳಲ್ಲಿ ಗಾಳಿಗೆ ಒಣಗಿಸಿ ಪೇಪರ್ ಕವರಲ್ಲಿ ಹಾಕಿ ಕಳಿಸ್ಬೇಕು, ಪ್ಲಾಸ್ಟಿಕ್ಕಲ್ಲಿ ಹಾಕ್ಬಾರ್ದು, ಇದು ನಿಯಮ. ಜುಲೈಯಲ್ಲಿ ಹೊಸನಗರ ಕಡೆ ನೆರಳು ಒಂದು ಬಿಟ್ಟು ಬೇರೆ ಎಂತ ಇದೆ, ಗಾಳಿಯೇ ಒದ್ದೆ! ನಮ್ಮ ಮನೆಗಳಲ್ಲೇ ಚಡ್ಡಿ ಬನಿಯನ್ ನಾಲ್ಕು ದಿನಕ್ಕೆ ಒಣಗಲ್ಲ. ಒಂದೇ ವಾರ ನಂಗೆ ಎರಡು ಪಾರ್ಸೆಲ್ ಬಂದಿತ್ತು, ಬೇರೆ ಬೇರೆ ಕೇಸು. ಒಂದು ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಕಟ್ಟಿದ್ದ ಪಂಚೆ, ಬಿಚ್ಚಿದ ಕೂಡ್ಲೆ ಆ ವಾಸನೆಗೆ ಅಟೆಂಡರ್ ಆಚೆ ಹೋದ, ಪಂಚೆ ಪೂರ್ತಿ ಬೂಷ್ಟು, ಹಸಿರು ಬಿಳಿ ಕಪ್ಪು, ಕಲೆ ಯಾವುದು ಬೂಷ್ಟು ಯಾವುದು ಗೊತ್ತಾಗದು. "ರಕ್ತದ ಅಂಶ ಇದೆ, ಗುಂಪು ನಿರ್ಧರಿಸಲಾಗಿಲ್ಲ" ಅಂತ ಬರೆದೆ. ಇನ್ನೊಂದು ಪಾರ್ಸೆಲ್ ಬಿಚ್ಚಿದ್ರೆ ಹೊಗೆ ವಾಸನೆ. ಅಂಗಿ ಗರಿಗರಿ ಒಣಗಿದೆ. ಫೋನ್ ಮಾಡಿ ಕೇಳಿದ್ರೆ ಹೆಡ್ ಕಾನ್‌ಸ್ಟೇಬಲ್ ಸಂಕೋಚದಲ್ಲಿ ಹೇಳಿದ್ರು, "ಸಾರ್ ಕ್ವಾರ್ಟರ್ಸಲ್ಲಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿದ್ದೆ, ನಮ್ಮನೆಯವಳು ಬೈದು ಬೈದು ಇಟ್ಟಳು, ಎರಡು ದಿನ ನಾವ್ಯಾರೂ ಬಚ್ಚಲಿಗೆ ಹೋಗ್ಲಿಲ್ಲ" ಅಂತ. ಪುಸ್ತಕದ ಪ್ರಕಾರ ಅದು ಪೂರಾ ತಪ್ಪು, ಶಾಖಕ್ಕೆ ಹಾಳಾಗಬಹುದು, ಡಿಫೆನ್ಸ್ ಲಾಯರಿಗೆ ಗೊತ್ತಾದ್ರೆ ಹಬ್ಬ, ಮುದ್ದೆಮಾಲು ಮನೆಗೆ ತಗೊಂಡು ಹೋಗಿದ್ರಾ ಸ್ವಾಮಿ ಅಂತ. ಆದ್ರೆ ಆ ಅಂಗೀಲಿ ಗುಂಪು ಸಿಕ್ತು. ಇಬ್ಬರೂ ನಿಯಮ ಮುರಿದೋರೇ, ಪ್ಲಾಸ್ಟಿಕ್ಕಲ್ಲಿ ಕಟ್ಟಿದೋನ ಕೇಸು ಬೂಷ್ಟಿಗೆ ಹೋಯ್ತು, ಒಲೆ ಮೇಲೆ ಒಣಗಿಸಿದೋನ ಕೇಸು ನಿಂತಿತೋ ಏನೋ. ಆ ಹೆಡ್ ಕಾನ್‌ಸ್ಟೇಬಲ್ಲನ್ನ ನಾನು ಎರಡನೇ ಕಾದಂಬರೀಲಿ ಹೀರೋ ಮಾಡಿದೆ.

ವಿಸೆರಾ ಬಗ್ಗೆ ಎರಡೇ ಮಾತು. ನೀವು ಮೂರನೇ ಅಧ್ಯಾಯದಲ್ಲಿ ಜಠರ ಲಿವರ್ ಎಲ್ಲ ಫಾರ್ಮಲಿನ್‌ಗೆ ಹಾಕಿ ವಿಷ ಪರೀಕ್ಷೆಗೆ ಕಳಿಸಿದ್ದೀರಿ, ಎಲ್ಲಾ ಪತ್ತೇದಾರಿ ಬರಹಗಾರರೂ ಇದನ್ನೇ ಮಾಡ್ತಾರೆ. ಫಾರ್ಮಲಿನ್ ಹಾಕೋದು ಹಿಸ್ಟೋಪೆಥಾಲಜಿಗೆ, ಅಂದ್ರೆ ಅಂಗದ ತುಂಡನ್ನ ಮೈಕ್ರೋಸ್ಕೋಪಲ್ಲಿ ನೋಡೋದಕ್ಕೆ. ವಿಷ ನೋಡೋಕೆ ಸಾಧಾರಣವಾಗಿ ಹಾಕೋದು ಉಪ್ಪು, ನಮ್ಮ ಅಡಿಗೆ ಉಪ್ಪೇ, ಇನ್ನು ಕರಗಲ್ಲ ಅನ್ನೋವರೆಗೂ ಕರಗಿಸಿದ ಉಪ್ಪುನೀರು, ಜಾರ್ ಮೂರನೇ ಎರಡು ಭಾಗ ತುಂಬಿಸಿ, ಆ ಉಪ್ಪುನೀರಿನ ಸ್ಯಾಂಪಲ್ ಬೇರೆ ಬಾಟಲೀಲಿ. ಅಪ್ಪೆಮಿಡಿ ಉಪ್ಪಿಗೆ ಹಾಕೋ ಥರಾನೇ. ಇದನ್ನ ನಾನೊಮ್ಮೆ ಊಟಕ್ಕೆ ಕೂತಾಗ ಹೇಳಿ ನನ್ನ ಹೆಂಡ್ತಿ ಆ ವರ್ಷ ಮಿಡಿ ಭರಣಿ ಮುಟ್ಲಿಲ್ಲ.

ನಿಮಗೆ ಪುಕ್ಕಟೆ ಒಂದು ಸಾಮಾನು ಕೊಡ್ತೀನಿ, ಇಂಬಳ, ಅದೇ ರಕ್ತ ಹೀರೋ ಜಿಗಣೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 2001ರಲ್ಲಿ ಒಂದು ಒಂಟಿ ಮನೆ ದರೋಡೆ ಆಯ್ತು, ಪೊಲೀಸರಿಗೆ ಅಲ್ಲಿ ರಕ್ತ ಕುಡಿದು ಊದಿದ್ದ ಒಂದು ಇಂಬಳ ಸಿಕ್ತು, ಅದರ ಹೊಟ್ಟೇಲಿದ್ದ ರಕ್ತದ ಡಿಎನ್‌ಎ ತೆಗೆದಿಟ್ರು, ವರ್ಷಗಳಾದ ಮೇಲೆ ಬೇರೆ ಯಾವುದೋ ಕೇಸಲ್ಲಿ ಸಿಕ್ಕಿಬಿದ್ದೋನಿಗೆ ಅದು ಹೊಂದಿ 2009ರಲ್ಲಿ ಅವನು ಒಪ್ಕೊಂಡ. ಇಂಬಳದ ಸಾಮ್ರಾಜ್ಯ ನಮ್ಮದು, ಕಥೆ ಅವರದ್ದಾಯ್ತು! ನಮ್ಮ ಕಡೆ ಇದು ಇನ್ನೂ ಮಜಾ, ಅದೇ ಇಂಬಳ ಮೊದ್ಲು ದನಕ್ಕೆ ಕಚ್ಚಿರಬಹುದು. ಮತ್ತೆ ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಲ್ಲ, ಅದರ ಜೊಲ್ಲು ಹಂಗಿದೆ, ಸಾಕ್ಸ್ ತುಂಬ ರಕ್ತ ಆಗ್ತದೆ, ಪಂಚೆಗೆಲ್ಲ ಒರೆಸಿರ್ತಾರೆ. ಆರೋಪಿ ಪಂಚೇಲಿ ರಕ್ತ ಸಿಕ್ತು ಅಂದಾಗ "ಇಂಬಳ ಸಾರ್" ಅನ್ನೋ ಉತ್ತರಕ್ಕೆ ಮಲ್ನಾಡಿನ ಯಾವ ಜಡ್ಜೂ ಥಟ್ಟನೆ ಸುಳ್ಳು ಅನ್ನಲಾರ್ರು.

ಕೋರ್ಟಿಗೆ ನೀವು ಹೋಗ್ಲೇಬೇಕು. ನಮ್ಮ ರಿಪೋರ್ಟನ್ನ ನಮ್ಮನ್ನ ಕರೆಸದೇ ಓದ್ಕೊಳ್ಳೋಕೆ ಕಾನೂನಲ್ಲಿ ಅವಕಾಶ ಇದೆ, ಹಿಂದಿನ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಸಿಆರ್‌ಪಿಸಿಯಲ್ಲಿ ಸೆಕ್ಷನ್ 293, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 329, ಆದ್ರೂ ಕರೆಸ್ತಾರೆ. ನಿಲ್ಸಿ ಕೇಳೋದು ವಿಜ್ಞಾನ ಅಲ್ಲ. ಸೀಲ್ ಸರಿ ಇತ್ತಾ, ಸ್ಯಾಂಪಲ್ ಸೀಲ್ ಜೊತೆ ಹೋಲಿಸಿದ್ರಾ, ಹನ್ನೊಂದನೇ ತಾರೀಖು ಮಹಜರ್ ಆಗಿದ್ದು ನಿಮ್ಮ ಹತ್ರ ಇಪ್ಪತ್ತೊಂಬತ್ತಕ್ಕೆ ಬಂದಿದೆ, ನಡುವೆ ಎಲ್ಲಿತ್ತು? ಆ ಹದಿನೆಂಟು ದಿನ ಠಾಣೆಯ ಯಾವ ಬೀರುವಿನಲ್ಲಿತ್ತು ಅಂತ ನಂಗೆ ಹೆಂಗೆ ಗೊತ್ತು, "ಗೊತ್ತಿಲ್ಲ" ಅಂತ ಹೇಳಿ ಇಳಿದು ಬರೋದು. ನೀವು ಬರೀತಿರೋದು ಈಗಿನ ಕಾಲದ ಕಥೆ ಆದ್ರೆ 1 ಜುಲೈ 2024ರಿಂದ ಬಂದ ಹೊಸ ಕಾನೂನಲ್ಲಿ ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ ಫೊರೆನ್ಸಿಕ್‌ನೋರು ಸ್ಪಾಟಿಗೆ ಬಂದು ವೀಡಿಯೋ ಮಾಡ್ಬೇಕು ಅಂತಿದೆ, ಅದನ್ನ ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷದ ಟೈಮೂ ಇದೆ. ಆದ್ರೆ ನಿಮ್ಮ ಕೇಸು ಶುರುವಾಗೋದು ಕೊಲೆ ಅಂತಲ್ಲ, ಅಸಹಜ ಸಾವು ಅಂತ. ಅದು ಕೊಲೆ ಆಗೋ ಹೊತ್ತಿಗೆ ದಡದ ಕೆಸರಲ್ಲಿ ಊರೋರೆಲ್ಲ ಓಡಾಡಿ ಆಗಿರ್ತದೆ.

ಹಿನ್ನೆಲೆ ಇಲ್ಲದೆ ಬರೀಬಹುದಾ ಅಂದ್ರಿ. ಅಗಾಥಾ ಕ್ರಿಸ್ಟಿ ಮೊದಲನೇ ಮಹಾಯುದ್ಧದ ಟೈಮಲ್ಲಿ ಆಸ್ಪತ್ರೆಯಲ್ಲಿ ಔಷಧಿ ಕೊಡೋ ಕೆಲಸ ಮಾಡಿದ್ರು, ವಿಷದ ಪರಿಚಯ ಆದದ್ದು ಅಲ್ಲೇ. ಕ್ಯಾಥಿ ರೈಕ್ಸ್ ಮೂಳೆ ತಜ್ಞೆಯಾಗಿ ಕೆಲಸ ಮಾಡ್ತಲೇ ಕಾದಂಬರಿ ಬರೆದ್ರು. ಉಪಯೋಗ ಇಲ್ಲ ಅನ್ನಲ್ಲ. ಆದ್ರೆ ನನ್ನ ಮೊದಲ ಡ್ರಾಫ್ಟ್ ಓದಿ ನನ್ನ ಹೆಂಡ್ತಿ "ಇದರ ಕೆಳಗೆ ಸಹಿ ಒಂದು ಬಾಕಿ ನೋಡಿ" ಅಂದಳು, ಪೂರ್ತಿ ರಿಪೋರ್ಟ್ ಆಗಿತ್ತು. ನೀವು ಮಾಡ್ಬೇಕಾದ್ದು ಇಷ್ಟೇ, ಶಿವಮೊಗ್ಗಕ್ಕೆ ಬಂದಾಗ ಸೆಷನ್ಸ್ ಕೋರ್ಟಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಸಾಧಾರಣ ಕೇಸು ಯಾರು ಬೇಕಾದ್ರೂ ಕೂತು ಕೇಳ್ಬಹುದು. ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಜಡ್ಜ್‌ಮೆಂಟ್ ಪುಕ್ಕಟೆ ಸಿಗ್ತವೆ, ಖುಲಾಸೆ ಆದ ಕೇಸಿನದ್ದೇ ಹುಡುಕಿ ಓದಿ, ಯಾವ ಬಾಟಲಿ ಎಲ್ಲಿ ತಪ್ಪಿತು ಅನ್ನೋದು ಅದರಲ್ಲಿರ್ತದೆ. ಎಂಬಿಬಿಎಸ್ ಹುಡುಗರ ಫೊರೆನ್ಸಿಕ್ ಮೆಡಿಸಿನ್ ಪುಸ್ತಕ ಸೆಕೆಂಡ್‌ಹ್ಯಾಂಡಲ್ಲಿ ಒಂದು ತಗೊಳ್ಳಿ, ಸಾಕು.

ಒಂದು ಮಾತ್ರ ಮಾಡ್ಬೇಡಿ, ನಾನು ಮಾಡಿದ್ದನ್ನ. ನನ್ನ ಮೊದಲ ಕಾದಂಬರೀಲಿ ಊರು ಬದಲಾಯಿಸಿದೆ, ಹೆಸರು ಬದಲಾಯಿಸಿದೆ, ವಯಸ್ಸು, ಕೊಲೆಗಾರ, ಕಾರಣ ಎಲ್ಲ ನನ್ನ ಕಲ್ಪನೆ. ಒಂದೇ ಒಂದು ಚೂರು ನಿಜ ಇಟ್ಟೆ, ಒಬ್ಬ ಹೆಂಗಸಿನ ಬಳೆಗೆ ಸಿಕ್ಕಿಸಿದ್ದ ಮೂರು ಸೇಫ್ಟಿ ಪಿನ್ನು, ಅದರಲ್ಲಿ ಒಂದಕ್ಕೆ ಹಸಿರು ದಾರ ಸುತ್ತಿತ್ತು. ಯಾರ ಹತ್ರ ಇರಲ್ಲ ಹೇಳಿ ಸೇಫ್ಟಿ ಪಿನ್ನು. ಪುಸ್ತಕ ಬಂದು ಎರಡು ವರ್ಷಕ್ಕೆ ಕೊಪ್ಪ ಕಡೆ ಒಂದು ಮದುವೇಲಿ ಊಟದ ಪಂಕ್ತೀಲಿ ಕೂತಿದ್ದೆ, ಪಕ್ಕದಲ್ಲಿದ್ದ ಹೆಂಗಸು ನನ್ನ ಗುರುತು ಹಿಡಿದು ಪುಸ್ತಕ ಓದಿದೆ ಅಂದ್ರು. ಪಾಯಸ ಬಡಿಸಿ ಹೋದ ಮೇಲೆ ಎಲೆ ನೋಡ್ತಾ ಹೇಳಿದ್ರು, "ಆ ಹಸಿರು ದಾರ ನಾನು ಸುತ್ತಿದ್ದು, ನಮ್ಮ ಅಕ್ಕನ ಪಿನ್ನಿಗೆ." ಸಿಟ್ಟು ಇರ್ಲಿಲ್ಲ ಅವರಿಗೆ. ನೀವು ಅವಳನ್ನ ಕಂಡಿದ್ರಾ ಅಂತ ಕೇಳಿದ್ರು, ಇಲ್ಲಮ್ಮ, ಬಳೆ ಮಾತ್ರ ಬಂದಿತ್ತು ಅಂದೆ. ಎರಡನೇ ಮುದ್ರಣದಲ್ಲಿ ಆ ಸಾಲು ತೆಗೆಸಿದೆ. ಅವತ್ತಿನ ಪಾಯಸ ಎಲೇಲೇ ಉಳೀತು.

ಈಗ ಆ ಹೆಣ ಸಿಗೋ ಅಧ್ಯಾಯ ಹರಿದು ಹಾಕಿ ಹೊಸದಾಗಿ ಶುರು ಮಾಡಿ. ಹೀರೋ ದಡದ ಮೇಲೆ ಬಾಯಿ ಮುಚ್ಕೊಂಡು ನಿಂತಿರ್ಲಿ, ಕೊಡೆ ಹಿಡ್ಕೊಂಡು. ಕೆಳಗೆ ಒಬ್ಬ ಪೇದೆ ಖಾಲಿ ಬಾಟಲಿ ಹಿಡ್ಕೊಂಡು ಆ ಚಾ ಬಣ್ಣದ ನೀರು ನೋಡ್ತಾ ನಿಂತಿದಾನೆ, ಇಳಿಯೋದಾ ಬೇಡ್ವಾ ಅಂತ. ಅವ ಇಳಿದ್ನಾ ಇಲ್ವಾ ಅನ್ನೋದನ್ನ ಮೊದ್ಲು ನೀವು ತೀರ್ಮಾನ ಮಾಡ್ಕೊಳ್ಳಿ, ಓದೋರಿಗೆ ಕಡೇ ಅಧ್ಯಾಯದವರೆಗೆ ಹೇಳ್ಬೇಡಿ. ಬರೆದಾದ್ಮೇಲೆ ಕಳಿಸಿ, ಕೊಳೆ ಔಷಧಿ ಎರಡನೇ ಸಲದ್ದು ಮುಗಿದ ಮೇಲೆ ಓದ್ತೀನಿ.